ಕಳೆದ ವರ್ಷದ್ದು ಸಾಕು

ಕೂಳೂರು ಸೇತುವೆಯ ಮೇಲೆ ಲಾರಿಗಳು ನಿಂತಲ್ಲೇ ನಿಂತಿದ್ದವು. ಮುಖೇಶ ಎಡಗೈ ಚಾಚಿ, ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿದ್ದ ನೀಲಿ ಐಸ್‌ಪೆಟ್ಟಿಗೆಯ ಮುಚ್ಚಳವನ್ನು ಮತ್ತೊಮ್ಮೆ ಮುಟ್ಟಿದ. ಮುಟ್ಟಿ ಗೊತ್ತಾಗುವುದು ಏನೂ ಇರಲಿಲ್ಲ. ಒಳಗಿನ ತಂಪು ಹೊರಗೆ ಬಂದರೆ ಅದು ಒಳ್ಳೆಯ ಪೆಟ್ಟಿಗೆಯೇ ಅಲ್ಲ. ಮುಚ್ಚಳದಲ್ಲಿ ಕೂರಿಸಿದ್ದ ಪುಟ್ಟ ಮಾಪಕ ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತಿತ್ತು. ಆದರೂ ಕೈ ಕೇಳುವುದಿಲ್ಲ. ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಅದು ತಾನಾಗಿಯೇ ಹೋಗಿ ಬರುತ್ತದೆ. ವಾಮಂಜೂರಿನ ಮನೆಯ ಹಿಂದಿನ ಕೋಣೆಯಲ್ಲಿ ಫ್ರಿಜ್ಜುಗಳನ್ನು ಇಟ್ಟುಕೊಂಡು, ಪೇಟೆಯ ಕ್ಲಿನಿಕ್ಕುಗಳಿಗೆ ಲಸಿಕೆ ತಲುಪಿಸುವ ಕೆಲಸಕ್ಕೆ ಇಳಿದಂದಿನಿಂದ ಅಂಟಿದ ಚಟ. ಇವತ್ತು ಅದು ವಿಪರೀತವಾಗಿತ್ತು. ಪೆಟ್ಟಿಗೆಯೊಳಗೆ ಉಳಿದದ್ದು ಒಂದೇ ಡೋಸು, ಈ ವರ್ಷದ ಹೊಸ ಫ್ಲೂ ಲಸಿಕೆ. ಅದು ಹೋಗಬೇಕಾದದ್ದು ಕ್ಲಿನಿಕ್ಕಿಗಲ್ಲ, ಕಾಟಿಪಳ್ಳದ ಅಪೊಲೋನಿಯಾ ಟೀಚರ ಮನೆಗೆ. ನಿನ್ನೆ ಟೀಚರ ಮಗಳು ಎಲೇನ್ ಫೋನ್ ಮಾಡಿದ್ದಳು. ಕುವೈತಿನಿಂದ ರಜೆಯಲ್ಲಿ ಬಂದಿದ್ದೇನೆ, ಚುಚ್ಚುವುದು ನಾನೇ ಚುಚ್ಚುತ್ತೇನೆ, ನರ್ಸಾಗಿ ಅಷ್ಟೂ ಮಾಡದಿದ್ದರೆ ಹೇಗೆ, ನೀನು ಮದ್ದು ತಂದರೆ ಆಯಿತು ಎಂದಿದ್ದಳು. ಆಮೇಲೆ ಸ್ವಲ್ಪ ತಡೆದು, ಮಮ್ಮಿ ನಿನ್ನನ್ನೇ ಕೇಳುತ್ತಾ ಇರುತ್ತಾರೆ ಎಂದು ಸೇರಿಸಿದ್ದಳು. ಆ ತಡೆದದ್ದು ಯಾಕೆ ಎಂಬುದು ಕಾಲಿಗೆ ಹೊಕ್ಕ ಮೀನಿನ ಮುಳ್ಳಿನಂತೆ ಮುಖೇಶನ ಒಳಗೆ ಕೂತಿತ್ತು. ಕಾಣುವುದಿಲ್ಲ, ಊರಿದಾಗ ಮಾತ್ರ ಗೊತ್ತಾಗುತ್ತದೆ.

ಕಳೆದ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಟೀಚರಿಗೆ ಫ್ಲೂ ಬಂದಿತ್ತು. ಸಾಧಾರಣ ಶೀತವೆಂದು ಕರಿಮೆಣಸಿನ ಕಷಾಯದಲ್ಲಿ ಶುರುವಾದದ್ದು ಎದೆಗಿಳಿದು ಐಸಿಯುವಿಗೆ ಹೋಗಿ ಮುಟ್ಟಿತ್ತು. ಉಳಿಯುವುದಿಲ್ಲ ಎಂದು ಪಾದ್ರಿಗಳನ್ನೂ ಕರೆಸಿದ್ದರಂತೆ. ಉಳಿದರು. ಆದರೆ ಹೋದ ಉಸಿರು ಪೂರ್ತಿ ಮರಳಿ ಬರಲಿಲ್ಲ. ಜಗಲಿಯಲ್ಲಿ ಸಂಜೆ ನಡೆಯುತ್ತಿದ್ದ ಟ್ಯೂಷನ್ ನಿಂತಿತು. ಆ ಗಟ್ಟಿ ಸ್ವರಕ್ಕೆ ಬ್ಲಾಕಿನ ಕೊನೆಯ ಮನೆಯ ಮಕ್ಕಳೂ ಮಗ್ಗಿ ಸರಿಮಾಡಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿದ್ದಾಗ ಮುಖೇಶ ನೋಡಲು ಹೋದದ್ದು ಉಂಟು. ಲಿಫ್ಟಿನ ಎದುರು ಎಳನೀರಿನ ಬಾಟಲಿ ಹಿಡಿದು ನಿಂತ. ಲಿಫ್ಟು ಬಂತು, ಹೋಯಿತು, ಮತ್ತೆ ಬಂತು. ಹತ್ತುವವರು ಬರುತ್ತೀರಾ ಎಂದು ಕೇಳಿದಾಗ, ಇಲ್ಲ ಇಲ್ಲ, ನೀವು ಹೋಗಿ, ನಾನು ಒಬ್ಬರನ್ನು ಕಾಯುತ್ತಾ ಇದ್ದೇನೆ ಎಂದ. ಕೊನೆಗೆ ಬಾಟಲಿಯನ್ನು ವಾಚ್‌ಮನ್ನನ ಕೈಗೆ ಕೊಟ್ಟು ಹೊರಗೆ ಬಂದ. ಅಂದಿನಿಂದ ಇಂದಿನವರೆಗೆ ಕಾಟಿಪಳ್ಳದ ಆ ಬ್ಲಾಕಿಗೆ ತಿರುಗುವ ರಸ್ತೆಯನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದ. ಯಾಕೆಂದರೆ ಆ ಮಳೆಗಾಲಕ್ಕೆ ಮೊದಲು, ಇಂಥದ್ದೇ ಒಂದು ಸೆಕೆಯ ಮಧ್ಯಾಹ್ನ, ಟೀಚರ ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, 'ಈ ವರ್ಷ ಬೇಡ ಟೀಚರ್, ಕಳೆದ ವರ್ಷದ್ದು ಸಾಕು' ಎಂದು ಹೇಳಿದವನು ಅವನೇ.

ಮುಂದಿನ ಲಾರಿ ಒಂದು ಮಾರು ಮುಂದೆ ಹೋಯಿತು. ಬೆಳಿಗ್ಗೆಯಿಂದ ಸುತ್ತಿದ್ದೇ ಸುತ್ತಿದ್ದು, ಎಲ್ಲಿಯೂ ಬಾಯಿ ಬಿಡಲು ಮನಸ್ಸಾಗಿರಲಿಲ್ಲ. ಅವನ ಬಾಯಿ ಕಟ್ಟಿದೆ ಎಂದರೆ ನಂಬುವವರು ಪೇಟೆಯಲ್ಲಿ ಯಾರೂ ಇಲ್ಲ. ಕದ್ರಿಯ ಹತ್ತಿರದ ಕ್ಲಿನಿಕ್ಕಿನ ನರ್ಸು ಗ್ಲೆನಿಟಾ ಅವನನ್ನು ಕಂಡಕೂಡಲೇ ಒಳಗೆ ಮುಖ ಹಾಕಿ, ಡಾಕ್ಟ್ರೇ ಐಸ್‌ನವರು ಬಂದ್ರು ಎನ್ನುತ್ತಾಳೆ. ಮದ್ದಿನ ಕಂಪನಿಗಳ ಟೈ ಕಟ್ಟಿದ ರೆಪ್ಪುಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಬರುವವರೆಗೆ ಅವನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂರಬೇಕು. ಕೂತು ಸುಮ್ಮನಿರುವ ಜಾತಿ ಅವನದಲ್ಲ. ಕೆಮ್ಮುವ ಅಜ್ಜಂದಿರಿಗೆ, ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರಿಗೆ ಪಾಠ ಶುರು. ಈ ಫ್ಲೂ ಎಂಬುದು ಒಂದು ಕಳ್ಳ ಅಂತ ಇಟ್ಟುಕೊಳ್ಳಿ. ನಮ್ಮ ಶರೀರ ಮನೆಯ ನಾಯಿ. ಒಮ್ಮೆ ಬಂದವನ ಮುಖ ನಾಯಿ ಮರೆಯುವುದಿಲ್ಲ, ಹೌದಲ್ವಾ? ಆದರೆ ಈ ಕಳ್ಳ ವರ್ಷ ವರ್ಷ ಅಂಗಿ ಬದಲಾಯಿಸಿಕೊಂಡು ಬರ್ತಾನೆ. ಅದಕ್ಕೇ ವರ್ಷ ವರ್ಷ ಹೊಸ ಅಂಗಿಯ ವಾಸನೆ ನಾಯಿಗೆ ತೋರಿಸಬೇಕು. ಅಷ್ಟೇ, ಬೇರೆ ಎಂತ ಇಲ್ಲ. ಜನ ನಗುತ್ತಿದ್ದರು, ಕೆಲವರು ಒಳಗೆ ಹೋಗಿ ನಂಗೂ ಒಂದು ಹಾಕಿ ಡಾಕ್ಟ್ರೇ ಎನ್ನುತ್ತಿದ್ದರು. ಡಾಕ್ಟರರೂ ಒಮ್ಮೆ, ನಿಮ್ಮ ನಾಯಿ ಕಥೆ ಚಂದ ಉಂಟು ಮಾರಾಯ್ರೆ ಎಂದು ಬೆನ್ನು ತಟ್ಟಿದ್ದರು. ಇವತ್ತು ಒಬ್ಬ ಅಜ್ಜಿ ಅವನ ಪೆಟ್ಟಿಗೆ ನೋಡಿ, ಎಂತದು ಮಗಾ, ಐಸ್‌ಕ್ಯಾಂಡಿಯಾ ಎಂದು ಕೇಳಿದಾಗ ಹೌದು ಅಜ್ಜಿ ಎಂದುಬಿಟ್ಟ. ಗ್ಲೆನಿಟಾ ಕತ್ತೆತ್ತಿ ನೋಡಿ, ಎಂತ, ಇವತ್ತು ನಾಯಿಗೆ ರಜೆಯಾ ಎಂದಳು.

ನಾಯಿಯ ಮಾತು ಅವನ ಸ್ವಂತದ್ದೂ ಅಲ್ಲ, ಅಜ್ಜಿ ದೇಯಿಯದ್ದು. ಪಣಂಬೂರಿನಲ್ಲಿ ಬಂದರಿಗೆಂದು ಗದ್ದೆ ಬಿಟ್ಟುಕೊಟ್ಟು ಕಾಟಿಪಳ್ಳದ ಪುನರ್ವಸತಿ ಬ್ಲಾಕಿಗೆ ಬಂದು ಕೂತ ಮೇಲೂ ಅಜ್ಜಿ ಒಂದು ನಾಯಿ ಸಾಕಿಯೇ ಸಾಕಿದಳು. ಅವನಿಗೆ ದಡಾರ ಬಂದು ಇಳಿದಾಗ, ಇನ್ನು ಹೆದರಬೇಡ, ಇನ್ನು ನಿನ್ನ ಹತ್ತಿರ ಅದು ಬರುವುದಿಲ್ಲ, ಒಳಗಿನ ನಾಯಿ ಅದರ ಮುಖ ನೋಡಿಟ್ಟುಕೊಂಡಿದೆ ಎಂದು ತುಳುವಿನಲ್ಲಿ ಹೇಳಿ ಬೇವಿನ ನೀರು ಸುರಿದಿದ್ದಳು. ಎಂಟನೆಯ ತರಗತಿಯ ಅರ್ಧವಾರ್ಷಿಕದಲ್ಲಿ ವಿಜ್ಞಾನಕ್ಕೆ ಪ್ರಶ್ನೆ ಬಂತು: ಒಮ್ಮೆ ದಡಾರ ಬಂದವರಿಗೆ ಅದು ಮತ್ತೆ ಬರುವುದಿಲ್ಲ, ಏಕೆ? ಅದುವರೆಗೆ ಯಾವ ಉತ್ತರವನ್ನೂ ಸ್ವಂತ ಬರೆದವನಲ್ಲ. ಎದುರಿನ ಬೆಂಚಿನವರ ಹೆಗಲು, ಪಕ್ಕದವರ ಮೊಣಕೈ, ಹಿಂದಿನವರ ಪಿಸುಮಾತು, ಹೀಗೆಯೇ ಏಳು ತರಗತಿ ದಾಟಿದವನು. ಅವತ್ತು ಮಾತ್ರ ಯಾರ ಹೆಗಲೂ ಬೇಕಾಗಲಿಲ್ಲ. ಅಜ್ಜಿಯ ನಾಯಿಯನ್ನು ಕನ್ನಡಕ್ಕೆ ಕರೆದುತಂದು ಪುಟ ತುಂಬ ಬರೆದ. ಶರೀರಕ್ಕೂ ನೆನಪು ಇರುತ್ತದೆ ಎಂಬ ವಾಕ್ಯ ಬರೆದಾಗ ಅವನಿಗೇ ಮೈ ಜುಮ್ಮೆಂದಿತ್ತು. ಅಪೊಲೋನಿಯಾ ಟೀಚರು ಪೇಪರು ಕೊಡುವ ದಿನ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಇದು ಯಾರದ್ದು ಎಂದರು. ನನ್ನದೇ ಟೀಚರ್ ಎಂದ. ಎಲೇನಳದ್ದೂ ಹೀಗೇ ಉಂಟಲ್ಲ, ನೆನಪು ಅಂತ ಅವಳೂ ಬರೆದಿದ್ದಾಳೆ ಎಂದರು. ಟೀಚರ ಮಗಳು ಎಲೇನ್ ಅವನ ಎದುರಿನ ಬೆಂಚಿನಲ್ಲಿ ಕೂರುತ್ತಿದ್ದಳು. ಇಲ್ಲ ಟೀಚರ್, ನಾನೇ ಬರೆದದ್ದು ಎಂದ, ಅಜ್ಜಿ ಹೇಳಿದ್ದು ಎಂದ, ಎರಡೂ ಒಟ್ಟಿಗೆ ಹೇಳಿದ್ದರಿಂದ ತರಗತಿ ನಕ್ಕಿತು. ಟೀಚರು ಕೋಲು ಎತ್ತಲಿಲ್ಲ, ಎತ್ತಿದ್ದರೆ ಸುಲಭವಿತ್ತು. ಕನ್ನಡಕ ತೆಗೆದು, ಬೇಸರದಿಂದ, 'ಸುಳ್ಳು ಹೇಳ್ಬೇಡ ಮುಖೇಶ' ಎಂದರು. ಉತ್ತರದ ಮೇಲೆ ಕೆಂಪು ಗೀಟು ಎಳೆದು ಸೊನ್ನೆ ಹಾಕಿದರು. ಎಲೇನ್ ತಿರುಗಿ ನೋಡಲಿಲ್ಲ. ಅವಳ ಜಡೆಯ ಬಿಳಿ ರಿಬ್ಬನ್ ಮಾತ್ರ ಅವನ ಕಣ್ಣಲ್ಲಿ ಉಳಿಯಿತು.

ಸೇತುವೆ ದಾಟಿ ಪಣಂಬೂರಿನ ಹತ್ತಿರ ಬಂದಾಗ ಗಾಳಿಯಲ್ಲಿ ಗೊಬ್ಬರದ ಕಾರ್ಖಾನೆಯ ಘಾಟು ಮೂಗಿಗೆ ಹತ್ತಿತು. ಅಪ್ಪ ಜಯಣ್ಣ ಬಸ್ಸಿನಲ್ಲಿ ಇಲ್ಲಿ ಹಾದುಹೋಗುವಾಗ, ಅಗೋ ಆ ಕ್ರೇನು ಉಂಟಲ್ಲ, ಅದರ ಕಾಲಬುಡದಲ್ಲೇ ನಮ್ಮ ಬಾವಿ ಇದ್ದದ್ದು ಎಂದು ಪ್ರತಿ ಸಲ ತೋರಿಸುತ್ತಿದ್ದ. ಕ್ರೇನು ಹೊಸತು ಬಂದು ಜಾಗ ಬದಲಾಯಿಸಿದರೂ ಅಪ್ಪನ ಬೆರಳು ಮಾತ್ರ ಹಳೆಯ ಕಡೆಗೇ ಹೋಗುತ್ತಿತ್ತು. ಮೊದಲು ನೋಡಿದ್ದನ್ನು ಬಿಡುವುದು ಅಷ್ಟು ಸುಲಭವಲ್ಲ. ಟೀಚರಿಗೂ ಹಾಗೆಯೇ ಆಗಿತ್ತೇನೋ. ಮುಖೇಶ ಲಸಿಕೆಯ ವ್ಯಾಪಾರ ಹಿಡಿದು, ವ್ಯಾನು ಕೊಂಡು, ಮದುವೆಯಾಗಿ, ಮಗಳು ಮೋಕ್ಷಾಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ ಮೇಲೂ ಭಾನುವಾರ ಪೂಜೆ ಮುಗಿದು ಇಗರ್ಜಿಯ ಹತ್ತಿರ ಸಿಕ್ಕಾಗ ಅವರು ಮೊದಲು ನಕ್ಕು, ಆಮೇಲೆ ಪಕ್ಕದವರಿಗೆ ಪರಿಚಯ ಮಾಡಿಕೊಡುತ್ತಿದ್ದರು: ಇವ ನಮ್ಮ ಮುಖೇಶ, ಕಾಪಿ ಹೊಡೆಯುವುದರಲ್ಲಿ ಎಕ್ಸ್‌ಪರ್ಟ್, ಈಗ ಇಂಜೆಕ್ಷನ್ ಮಾರ್ತಾನೆ. ಪ್ರೀತಿಯಿಂದಲೇ ಹೇಳುತ್ತಿದ್ದರು, ಅದೇ ಕಷ್ಟ. ಪ್ರೀತಿಯ ಮಾತಿಗೆ ಎದುರು ಹೇಳುವುದು ಹೇಗೆ? ಅವನೂ ನಗುತ್ತಿದ್ದ. ನಗುವಾಗ ಒಳಗಿನ ಹುಡುಗ ಬೆಂಚಿನ ಮೇಲೆ ನಿಂತೇ ಇರುತ್ತಿದ್ದ.

ಎರಡು ವರ್ಷದ ಹಿಂದೆ, ಎಲ್ಲಕ್ಕಿಂತ ಮೊದಲನೆಯ ಸಲ, ಅವರಿಗೆ ಫ್ಲೂ ಲಸಿಕೆ ಹಾಕಿಸಿದ್ದು ಅವನೇ. ನಂಗೆ ಎಂತದಕ್ಕೆ ಮಾರಾಯ, ನಾನು ಗಟ್ಟಿ ಇದ್ದೇನೆ ಎಂದು ಅವರು ಹಟ ಹಿಡಿದರೂ ಬಿಡದೆ, ಜಗಲಿಯಲ್ಲಿ ಕೂತು, ವಯಸ್ಸಾದವರಿಗೆ ಬೇಕೇ ಬೇಕು ಟೀಚರ್ ಎಂದು ಬೇಡಿ, ವ್ಯಾನಿನಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ವಾಪಸು ತಂದುಬಿಟ್ಟಿದ್ದ. ಮರುವರ್ಷದ ಬೇಸಿಗೆಯಲ್ಲಿ ಪೇಟೆಯ ಹೋಟೆಲೊಂದರಲ್ಲಿ ಡಾಕ್ಟರುಗಳ ಸಭೆ. ಲಸಿಕೆಯ ಸ್ಟಾಲು ನೋಡಿಕೊಳ್ಳಲು ಮುಖೇಶ ಹೋಗಿದ್ದ. ಹಿಂದೆ ಗೋಡೆಗೆ ಒರಗಿ ನಿಂತು ಭಾಷಣ ಕೇಳಿದ. ದೊಡ್ಡ ಊರಿನಿಂದ ಬಂದ ತಜ್ಞರು ಹೇಳುತ್ತಿದ್ದರು: ಮನುಷ್ಯನ ಶರೀರ ಬಾಲ್ಯದಲ್ಲಿ ಮೊಟ್ಟಮೊದಲು ಕಂಡ ಫ್ಲೂವನ್ನು ಸಾಯುವವರೆಗೆ ಮರೆಯುವುದಿಲ್ಲ; ಮುದುಕರ ರಕ್ತದಲ್ಲಿ ಅವರ ಐದನೆಯ ವಯಸ್ಸಿನ ಜ್ವರದ ಗುರುತು ಇನ್ನೂ ಇರುತ್ತದೆ. ಮುಖೇಶನಿಗೆ ರೋಮಾಂಚನ. ಅಜ್ಜಿಯ ನಾಯಿ ಪರದೆಯ ಮೇಲೆ ಬಣ್ಣದ ಗೆರೆಗಳಾಗಿ ನಿಂತಿತ್ತು. ಅಷ್ಟರಲ್ಲಿ ಸಂಘಟಕರೊಬ್ಬರು ಓಡಿಬಂದು, ತಜ್ಞರಿಗೆ ಹೊದಿಸುವ ಶಾಲು, ಹಣ್ಣಿನ ಬುಟ್ಟಿ ವ್ಯಾನಿನಲ್ಲೇ ಉಳಿದಿದೆ ಮಾರಾಯ್ರೆ, ಬೇಗ ತನ್ನಿ ಎಂದರು. ವ್ಯಾನು ಎಲ್ಲೋ ಹಿಂದಿನ ಓಣಿಯಲ್ಲಿತ್ತು. ಶಾಲು ಸಿಕ್ಕಿತು, ಬುಟ್ಟಿಯ ಸೇಬೊಂದು ಉರುಳಿ ಸೀಟಿನಡಿ ಸೇರಿತ್ತು, ಅದನ್ನು ಹುಡುಕಿ ಒರೆಸಿ ತರುವಷ್ಟರಲ್ಲಿ ಒಳಗೆ ಚಪ್ಪಾಳೆ. ಭಾಷಣದ ಉಳಿದ ಅರ್ಧ ಅವನ ಪಾಲಿಗೆ ಚಪ್ಪಾಳೆಯೇ ಆಯಿತು.

ಆ ಅರ್ಧದಲ್ಲಿ ಏನಿತ್ತೆಂದು ಗೊತ್ತಾದದ್ದು ಟೀಚರು ಐಸಿಯುವಿನಲ್ಲಿದ್ದಾಗ. ರಾತ್ರಿಗಳಲ್ಲಿ ಫೋನು ಹಿಡಿದು ಓದಿದ, ತಿಳಿಯದ ಶಬ್ದಗಳನ್ನು ಗ್ಲೆನಿಟಾಳ ಹತ್ತಿರ ಕೇಳಿದ. ನಾಯಿ ಮರೆಯುವುದಿಲ್ಲ, ನಿಜ. ಅದೇ ಅದರ ದೋಷ. ಕಳ್ಳ ಅಂಗಿ ಬದಲಾಯಿಸಿ ಬಂದಾಗ ಅದು ಕೆಲವೊಮ್ಮೆ ಹಳೆಯ ಅಂಗಿಯ ವಾಸನೆಯನ್ನೇ ಹಿಡಿದು, ಅದನ್ನು ಒಗೆದು ಒಣಹಾಕಿದ ಹಗ್ಗದ ಕಡೆಗೇ ಓಡಿ ಬೊಗಳುತ್ತದೆ. ಕಳ್ಳ ಹಿಂಬಾಗಿಲಿನಿಂದ ಒಳಗೆ ಹೋಗಿರುತ್ತಾನೆ. ಕೆಲವೊಮ್ಮೆ ಹಳೆಯ ನೆನಪೇ ಕಾಪಾಡುವುದೂ ಉಂಟು. ಯಾವಾಗ ಯಾವುದು ಎಂದು ಹೇಳುವುದು ಕಷ್ಟ. ಒಬ್ಬರು ಗಿರಾಕಿ ಕೇಳುತ್ತಿದ್ದರು ಎಂದು ಸುಳ್ಳು ನೆವ ಹಾಕಿ ಪರಿಚಯದ ಡಾಕ್ಟರರನ್ನೂ ಕೇಳಿದ: ಲಸಿಕೆ ಹಾಕಿಸಿದ್ದರೆ ಆ ಹೆಂಗಸಿಗೆ ಇಷ್ಟು ಆಗುತ್ತಿರಲಿಲ್ಲವಾ ಸರ್? ಡಾಕ್ಟರರು ಸಹಿ ಹಾಕುತ್ತಲೇ, ಆಗುತ್ತಿರಲಿಲ್ಲ ಅಂತ ಹೇಳಲಿಕ್ಕಾಗುವುದಿಲ್ಲ, ಆಗುತ್ತಿತ್ತು ಅಂತಲೂ ಹೇಳಲಿಕ್ಕಾಗುವುದಿಲ್ಲ, ಹಾಕಿಸಿದ್ದರೆ ಒಳ್ಳೆಯದಿತ್ತು ಅಷ್ಟೇ ಎಂದರು. ಒಳ್ಳೆಯದಿತ್ತು ಅಷ್ಟೇ. ತಪ್ಪು ನಿನ್ನದಲ್ಲ ಎಂದಿದ್ದರೆ ಅತ್ತು ಹಗುರಾಗಬಹುದಿತ್ತು. ನಿನ್ನದೇ ಎಂದಿದ್ದರೆ ತಲೆ ಬಗ್ಗಿಸಬಹುದಿತ್ತು.

ಬೈಕಂಪಾಡಿ ಕಳೆಯಿತು. ಬಿಸಿಲಿಗೆ ಟಾರು ಮಿನುಗುತ್ತಿತ್ತು. ಕಳೆದ ವರ್ಷದ ಆ ದಿನವೂ ಹೀಗೆಯೇ ಮಿನುಗುತ್ತಿತ್ತು. ಸುರತ್ಕಲ್ಲಿನ ಕ್ಲಿನಿಕ್ಕಿಗೆ ಹೋಗಿ ಬರುವಾಗ, ನೀರು ಕುಡಿಯುವ ನೆಪದಲ್ಲಿ ಟೀಚರ ಜಗಲಿಗೆ ಹತ್ತಿದ. ಹೊಸ ವರ್ಷದ ಮಾಲು ಇನ್ನೂ ಬಂದಿರಲಿಲ್ಲ. ಅವರು ಮಜ್ಜಿಗೆ ಕೊಟ್ಟು, ಈ ವರ್ಷವೂ ಆ ಇಂಜೆಕ್ಷನ್ ಉಂಟಾ ಮುಖೇಶ ಎಂದು ಕೇಳಿದರು. ಮಾಲು ಬಂದಿಲ್ಲ ಟೀಚರ್, ಬಂದಕೂಡಲೇ ತರ್ತೇನೆ ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವರು ಮಾತಿಗೆ ಮಾತು ಸೇರಿಸಿ, ಐವತ್ತೇಳರಲ್ಲೋ ಏನೋ ಒಂದು ಜ್ವರ ಬಂದಿತ್ತು, ನಾನು ಸಣ್ಣವಳು, ಕೇರಿಗೆ ಕೇರಿಯೇ ಚಾಪೆ ಹಿಡಿದಿತ್ತು, ಗಂಜಿ ಬೇಯಿಸಲಿಕ್ಕೆ ಎದ್ದು ನಿಲ್ಲುವವರು ಇರಲಿಲ್ಲ ಎಂದರು. ಮುಖೇಶನ ನಾಲಿಗೆಯ ತುದಿಗೆ ಆ ಅರ್ಧ ಭಾಷಣ ಹಾರಿಬಂತು. ಕಾಲ ಮೇಲೆ ಕಾಲು ಹಾಕಿಕೊಂಡ. ಶರೀರಕ್ಕೆ ನೆನಪು ಉಂಟು ಟೀಚರ್ ಎಂದು ಶುರು ಮಾಡಿದ. ಅವರು ಬೀಸಣಿಗೆ ಕೆಳಗಿಟ್ಟರು. ಗಲ್ಲಕ್ಕೆ ಕೈ ಕೊಟ್ಟರು. ತರಗತಿಯಲ್ಲಿ ಜಾಣ ಮಕ್ಕಳು ಉತ್ತರ ಹೇಳುವಾಗ ಮಾತ್ರ ಅವರು ಹಾಗೆ ಕೂರುತ್ತಿದ್ದದ್ದು. ಅವನು ನಾಯಿಯನ್ನೂ ತಂದ, ಬೇಕೆಂದೇ ತಂದ. ಈಗಲಾದರೂ ಆ ಪೇಪರು ನೆನಪಾಗಲಿ, ಇದು ಇವನದೇ ಇತ್ತಲ್ಲ ಎನ್ನಲಿ ಎಂದು. ಅವರಿಗೆ ನೆನಪಾಗಲಿಲ್ಲ. ಆದರೆ ಕಣ್ಣು ಅರಳಿಸಿಕೊಂಡು ಕೇಳಿದರು. ಹಾಗಾದರೆ ಆ ಜ್ವರ ಕಂಡವರು ನಾವು ಗಟ್ಟಿ ಅನ್ನು ಎಂದರು. ಗಟ್ಟಿಯೇ ಟೀಚರ್, ನಿಮ್ಮ ನಾಯಿಗೆ ಎಲ್ಲ ಕಳ್ಳರ ಅಪ್ಪನ ಪರಿಚಯ ಉಂಟು, ಇನ್ನು ಯಾವ ಅಂಗಿ ಹಾಕಿಕೊಂಡು ಬಂದರೂ ಅದು ಹಿಡೀತದೆ ಎಂದ. ಅವರು ಗಟ್ಟಿಯಾಗಿ ನಕ್ಕರು. ಹಾಗಾದ್ರೆ ಈ ವರ್ಷ ಹಾಕಿಸ್ಬೇಕಾ ಬೇಡ್ವಾ, ನೀನೇ ಹೇಳು, ನೀನು ಹೇಳಿದ ಹಾಗೆ ಎಂದರು. ಟೀಚರು ಅವನನ್ನು ಕೇಳುತ್ತಿದ್ದರು, ಅವನು ಹೇಳಿದ ಹಾಗೆ. ಅವನು ಹೇಳಿದ. ಅವರು ಶಾಬಾಸ್ ಎಂದರು, ಎಷ್ಟು ಚಂದ ವಿವರಿಸ್ತೀಯ, ಶಾಲೆಯಲ್ಲಿ ಈ ಬುದ್ಧಿ ಎಲ್ಲಿ ಅಡಗಿಸಿಟ್ಟಿದ್ದೆ? ವ್ಯಾನಿಗೆ ಮರಳಿ ಬರುವಾಗ ಅವನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಹೊಸ ಮಾಲು ಬಂದ ಮೇಲೆ ಒಂದು ಡೋಸು ತೆಗೆದಿಡಬೇಕು ಎಂದು ಒಮ್ಮೆ ಅನಿಸಿತ್ತು. ತಂದರೆ ಹೇಳಿದ್ದನ್ನು ತಾನೇ ಅಳಿಸಿದ ಹಾಗಾಗುತ್ತದೆ, ಶಾಬಾಸನ್ನು ಹಿಂದೆ ಕೊಟ್ಟ ಹಾಗಾಗುತ್ತದೆ. ಬೇಡ ಎನಿಸಿತು. ಅದನ್ನೇ ಅವನು ತನಗೆ ಕ್ಷಮಿಸಿಕೊಳ್ಳಲಾರದೆ ಹೋದದ್ದು. ತಿಳಿಯದೆ ಹೇಳಿದ್ದಕ್ಕೆ ಒಂದು ನೆಪ ಉಂಟು. ತೆಗೆದಿಡದೆ ಹೋದದ್ದಕ್ಕೆ ಯಾವ ನೆಪ?

ಕಾಟಿಪಳ್ಳದ ಜಂಕ್ಷನ್ನಿನಲ್ಲಿ ಶಾಹುಲನ ಮೆಡಿಕಲ್ಲಿನ ಎದುರು ವ್ಯಾನು ತಾನಾಗಿಯೇ ನಿಧಾನವಾಯಿತು. ಶಾಹುಲ್ ಶಾಲೆಯಲ್ಲಿ ಅವನದೇ ಬೆಂಚಿನಲ್ಲಿ ಕೂತವನು, ಆ ಪೇಪರು ಕೊಟ್ಟ ದಿನ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು. ಕೌಂಟರಿನಿಂದಲೇ ಕೈ ಬೀಸಿ, ಎಂತ ಮಾರಾಯ, ದಾರಿ ತಪ್ಪಿತಾ, ಈ ಕಡೆಯ ರಸ್ತೆಗೆ ಟೋಲ್ ಗೇಟು ಹಾಕಿದ್ದಾರೆ ಅಂತ ಯಾರಾದರೂ ಹೇಳಿದ್ರಾ ಎಂದು ಶುರು ಮಾಡಿದ. ಟೀಚರಿಗೆ ಮದ್ದು ತಂದಿದ್ದೇನೆ ಎಂದಾಗ ನಗು ಇಳಿಸಿ, ಹೋಗು ಹೋಗು, ನಿನ್ನದೇ ಜಪ ಅಲ್ಲಿ ಎಂದ.

'ಎಂತ ಜಪ?'

'ಮುಖೇಶ ಬಡ್ಕೊಂಡ, ಹಾಕಿಸಿಕೊಳ್ಳಿ ಹಾಕಿಸಿಕೊಳ್ಳಿ ಅಂತ, ನಾನೇ ಕೇಳಲಿಲ್ಲ ಅಂತ. ನೋಡ್ಲಿಕ್ಕೆ ಹೋದವರಿಗೆಲ್ಲ ಅದೇ. ಪಾದ್ರಿಗಳಿಗೂ ಹೇಳಿದ್ದಾರಂತೆ. ನೀನು ಪಾಸು ಮಾರಾಯ.'

ಮುಖೇಶನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಿಧಾನಕ್ಕೆ ಅರ್ಥವಾಯಿತು. ಅವರಿಗೆ ಅದಕ್ಕೂ ಹಿಂದಿನ ವರ್ಷದ್ದು ನೆನಪಿನಲ್ಲಿ ಉಳಿದಿದೆ. ಜಗಲಿಯಲ್ಲಿ ಕೂತು ಅವನು ಬೇಡಿಕೊಂಡದ್ದು, ಅವರು ಹಟ ಹಿಡಿದದ್ದು. ಐಸಿಯುವಿನ ಆ ಮಂಪರಿನಲ್ಲಿ ಕಳೆದ ಬೇಸಿಗೆಯ ಮಜ್ಜಿಗೆ, ಬೀಸಣಿಗೆ, ಶಾಬಾಸ್ ಎಲ್ಲ ಅಳಿಸಿ, ಅದರ ಜಾಗದಲ್ಲಿ ಮೊದಲನೆಯದೇ ಬಂದು ಕೂತಿದೆ. ಮರುವರ್ಷ ಅವನ ಮಾತು ಅಂಗಿ ಬದಲಾಯಿಸಿ ಬಂದದ್ದು ಅವರಿಗೆ ಕಂಡೇ ಇಲ್ಲ. ಸುಮ್ಮನಿದ್ದರೆ ಮುಗಿಯಿತಲ್ಲ ಎಂದು ಒಳಗಿನಿಂದ ಯಾರೋ ಹೇಳಿದರು. ಅವರಿಗೂ ಸಮಾಧಾನ, ನಿನಗೂ ಮರ್ಯಾದೆ, ಇಡೀ ಬ್ಲಾಕಿನಲ್ಲಿ ಒಂದು ಹೆಸರು. ಹೇಳಿದ ಸ್ವರ ಬೇರೆ ಯಾರದ್ದೂ ಅಲ್ಲ, ಪಕ್ಕದವನ ಪೇಪರಿಗೆ ಕಣ್ಣು ಹಾಯಿಸುವ ಆ ಹುಡುಗನದ್ದೇ. ಇದಕ್ಕಿಂತ ದೊಡ್ಡ ಕಾಪಿ ಅವನು ಜನ್ಮದಲ್ಲಿ ಹೊಡೆದಿರಲಿಲ್ಲ.

ಟೀಚರ ಜಗಲಿಯಲ್ಲಿ ಮಕ್ಕಳ ಉದ್ದ ಬೆಂಚನ್ನು ಗೋಡೆಗೆ ಒರಗಿಸಿಟ್ಟಿದ್ದರು. ಕಪ್ಪು ಹಲಗೆಯ ಮೇಲೆ ಹಳೆಯ ಒಂದು ಭಾಗಾಕಾರ ಅರ್ಧಕ್ಕೆ ನಿಂತಿತ್ತು; ಯಾರೂ ಅಳಿಸಿರಲಿಲ್ಲ. ಒಳಗೆ ಆಮ್ಲಜನಕದ ಯಂತ್ರ ಗೊರಗೊರ ಎನ್ನುತ್ತಿತ್ತು. ಎಲೇನ್ ಬಾಗಿಲಿಗೆ ಬಂದು, ಬಾ ಎಂದಳು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ಟೀಚರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ದಿಂಬುಗಳ ನಡುವೆ ಕೂತಿದ್ದರು. ಮೂಗಿಗೆ ಸಣ್ಣ ನಳಿಕೆ. ಅವರು ಇಷ್ಟು ಸಣ್ಣವರಾಗಿದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಂದ್ಯಾ, ಎಂದರು. ಉಸಿರು ತೆಗೆದುಕೊಂಡು, ಎಷ್ಟು ಸಮಯ ಆಯ್ತು, ಎಂದರು. ಮತ್ತೆ ಉಸಿರು. ಒಂದೇ ಗುಕ್ಕಿನಲ್ಲಿ ಹದಿನಾರರ ಮಗ್ಗಿ ಹೇಳಿಸುತ್ತಿದ್ದವರು ಮೂರು ಶಬ್ದಕ್ಕೊಮ್ಮೆ ದಡ ಹಿಡಿದು ನಿಲ್ಲುತ್ತಿದ್ದರು. ಮುಖೇಶ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಕೂತ. ಇಲ್ಲಿ ಚಪ್ಪಲಿ ಸ್ಟ್ಯಾಂಡು ಇರಲಿಲ್ಲ, ಇದ್ದಿದ್ದರೆ ಅಲ್ಲೇ ಕೂರುತ್ತಿದ್ದ. ನೆರೆಮನೆಯ ಆಂಡ್ರಿಯಾ ಬಾಯಿ ಎಲೆಯಲ್ಲಿ ಬೇಯಿಸಿದ ಹಲಸಿನ ಗಟ್ಟಿ ತಂದುಕೊಟ್ಟು ಅಲ್ಲೇ ನಿಂತಿದ್ದರು. ಟೀಚರು ಅವರ ಕಡೆ ತಿರುಗಿ, ಇವನೇ ಮುಖೇಶ ಎಂದರು. ಮುಖೇಶ ಕಾಪಿಯ ಮಾತಿಗೆ ಕಾದ. ಅದು ಬರಲಿಲ್ಲ. 'ಇವ ಹೇಳಿದ್ದ. ಹಾಕಿಸಿಕೊಳ್ಳಿ ಟೀಚರ್ ಅಂತ. ಇಲ್ಲೇ ಕೂತು ಬೇಡಿದ್ದ. ನನ್ನ ಜಂಬ. ನನ್ನ ಮಕ್ಕಳಲ್ಲೇ ಇವ ಬುದ್ಧಿವಂತ' ಎಂದರು. ಆಂಡ್ರಿಯಾ ಬಾಯಿ ಅವನನ್ನು ಹೊಸದಾಗಿ ನೋಡಿದರು.

ಇಷ್ಟು ವರ್ಷ ಅವನು ಬೇಡಿದ್ದು ಈ ಒಂದು ಮಾತು. ಸ್ವಂತ ಬರೆದ ಉತ್ತರಕ್ಕೆ ಸೊನ್ನೆ ಹಾಕಿದ ಕೈ ಈಗ ಬರೆಯದ ಉತ್ತರಕ್ಕೆ ಪೂರ್ತಿ ಅಂಕ ಕೊಡುತ್ತಿತ್ತು. ಎಲೇನ್ ಟ್ರೇ ತಂದು, ಹತ್ತಿ, ಸ್ಪಿರಿಟ್ಟು ಜೋಡಿಸಿದಳು. ಪೆಟ್ಟಿಗೆ ತೆಗಿ ಎಂದಳು. ಅವನು ತೆಗೆದ. ತಂಪು ಹೊಗೆಯಂತೆ ಮೇಲೆದ್ದು ಮುಖಕ್ಕೆ ಬಡಿಯಿತು. ತುಂಬಿಸಿಯೇ ಬರುವ ಸಣ್ಣ ಸಿರಿಂಜನ್ನು ಅವಳು ಅಂಗೈಯಲ್ಲಿ ಉರುಳಿಸಿ ಬೆಚ್ಚಗೆ ಮಾಡಿದಳು, ಟೀಚರ ತೋಳಿನ ಸಡಿಲು ಚರ್ಮ ಹಿಡಿದಳು, ಆಯಿತು. ಇಷ್ಟೇ. ಇಷ್ಟು ಸಣ್ಣ ಕೆಲಸ. ಟೀಚರು ತೋಳು ಒತ್ತಿಕೊಂಡು, ಇದು ಹೊಸ ಅಂಗಿಯದ್ದಾ ಎಂದು ಕೇಳಿದರು. ಅಂಗಿ ನೆನಪಿತ್ತು ಅವರಿಗೆ. ಅದು ಕಳೆದ ಬೇಸಿಗೆಯದ್ದೋ ಅದರ ಹಿಂದಿನದ್ದೋ, ಅವರಲ್ಲಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ಹೌದು ಟೀಚರ್ ಎಂದ. ಆಂಡ್ರಿಯಾ ಬಾಯಿ ಹೋಗುವವರೆಗೆ ಕಾದ. ಆಮೇಲೆ, ಪೆಟ್ಟಿಗೆಯ ಮುಚ್ಚಳವನ್ನು ನೋಡುತ್ತಲೇ ಬಾಯಿಬಿಟ್ಟ.

'ಟೀಚರ್, ನಾನು ಹಾಗೆ ಹೇಳಿರಲಿಲ್ಲ. ಕಳೆದ ವರ್ಷ ಬೇಡ ಅಂತ ಹೇಳಿದ್ದು ನಾನು. ಸಾಕು ಅಂತ ಹೇಳಿದ್ದು ನಾನೇ. ನೀವು ಹಾಕಿಸಿಕೊಳ್ಳಲಿಕ್ಕೆ ತಯಾರಿದ್ರಿ.'

ಟೀಚರು ಅವನ ಮುಖವನ್ನೇ ನೋಡಿದರು. ಕೈ ಎತ್ತಿ ಕನ್ನಡಕ ತೆಗೆದರು. ನಳಿಕೆಗೆ ಸಿಕ್ಕಿ ಸ್ವಲ್ಪ ತಡವಾಯಿತು. ಆ ಕೈ ಎತ್ತಿದ ಕ್ಷಣವೇ ಮುಖೇಶನಿಗೆ ಮುಂದಿನದ್ದು ಗೊತ್ತಾಗಿಹೋಯಿತು.

'ಸುಳ್ಳು ಹೇಳ್ಬೇಡ ಮುಖೇಶ' ಎಂದರು. ಅದೇ ಬೇಸರ, ಅದೇ ಏರಿಳಿತ. ಆದರೆ ಈ ಸಲ ಕಣ್ಣು ಒದ್ದೆಯಾಗಿತ್ತು. 'ನನ್ನ ಭಾರ ಇಳಿಸಲಿಕ್ಕೆ ಹೇಳ್ತಾ ಇದ್ದೀಯ. ಗೊತ್ತಾಗ್ತದೆ ನಂಗೆ. ಸಣ್ಣದರಲ್ಲೂ ಹಾಗೇ ನೀನು. ಮುಖ ನೋಡಿದ್ರೆ ಗೊತ್ತಾಗ್ತದೆ.'

ಇಲ್ಲ ಟೀಚರ್, ನಿಜ— ಎಂದು ಅವನು ಶುರು ಮಾಡಿದ. ಅವರಿಗೆ ಕೆಮ್ಮು ಬಂತು. ಬೆನ್ನು ಮಡಚಿಕೊಂಡು, ದಿಂಬು ಹಿಡಿದು, ಒಳಗಿನದ್ದನ್ನೆಲ್ಲ ಹೊರಗೆ ಹಾಕುವಂತೆ ಕೆಮ್ಮಿದರು. ಎಲೇನ್ ಬೆನ್ನು ತಟ್ಟುತ್ತಾ ಅವನಿಗೆ ಕಣ್ಣಿನಲ್ಲೇ ಸಾಕು ಎಂದಳು. ಕೆಮ್ಮು ನಿಂತ ಮೇಲೆ ಟೀಚರು ಅವನ ಕೈ ಹಿಡಿದುಕೊಂಡರು. ಅವರ ಬೆರಳು ಬೆಚ್ಚಗಿತ್ತು, ಅವನದ್ದು ಪೆಟ್ಟಿಗೆಯ ತಂಪಿನದ್ದು. ಹಲಸಿನ ಗಟ್ಟಿ ತಿನ್ನದೆ ಹೋಗಬೇಡ ಎಂದರು. ತಿಂದ. ಹಳೆಯ ದಿನಗಳ ಮಾತು ಬಂತು. ಅಜ್ಜಿ ದೇಯಿ ಒಮ್ಮೆ ಶಾಲೆಗೆ ಬಂದು ಹೆಡ್‌ಮಾಸ್ಟರರಿಗೆ ಬೆಲ್ಲ ಕೊಟ್ಟದ್ದನ್ನು ಟೀಚರು ನೆನಪಿಸಿಕೊಂಡರು. ಅಷ್ಟೆಲ್ಲ ನೆನಪಿತ್ತು.

ಗೇಟಿನವರೆಗೆ ಎಲೇನ್ ಬಂದಳು. ರಿಫೈನರಿಯ ಚಿಮಣಿಯ ಬೆಂಕಿ ಹಗಲಿನ ಬೆಳಕಿನಲ್ಲಿ ಬಣ್ಣ ಕಳೆದುಕೊಂಡು ಸುಮ್ಮನೆ ಗಾಳಿಯನ್ನು ನಡುಗಿಸುತ್ತಿತ್ತು. ವ್ಯಾನಿನ ಬಾಗಿಲಿಗೆ ಕೈ ಇಟ್ಟವನಿಗೆ ಅವಳು, ಇನ್ನು ಮಮ್ಮಿಯ ಹತ್ತಿರ ಅದನ್ನು ಹೇಳ್ಬೇಡ ಎಂದಳು. ಅವರು ನಂಬುವುದಿಲ್ಲ ಎಂದು ಅವನು ಹೇಳಿದ. ಸುಳ್ಳೆಂದೇ ತಿಳಿದರು, ನೀನೂ ನೋಡಿದಿಯಲ್ಲ ಎಂದ. ದೂರು ಹೇಳುವ ಹುಡುಗನ ಸ್ವರ ತನ್ನ ಬಾಯಿಂದ ಬಂದದ್ದು ಕೇಳಿ ನಾಚಿಕೆಯಾಯಿತು.

'ನಂಗೆ ಗೊತ್ತುಂಟು ನಿಜ ಅಂತ' ಎಂದಳು ಎಲೇನ್.

ಅವನು ತಿರುಗಿ ನೋಡಿದ.

'ಅವತ್ತು ಸಂಜೆ ಮಮ್ಮಿ ಫೋನ್ ಮಾಡಿದ್ರು. ಮುಖೇಶ ಬಂದಿದ್ದ, ಈ ವರ್ಷ ಬೇಡ ಅಂದ, ಎಷ್ಟು ಚಂದ ಪಾಠ ಮಾಡಿದ ಗೊತ್ತುಂಟಾ ಅಂತ. ಪಪ್ಪಾ ಹೋದ ಮೇಲೆ ಅಷ್ಟು ಖುಷಿಯಲ್ಲಿ ಅವರು ಮಾತಾಡಿದ್ದೇ ಇಲ್ಲ. ನಾನು ಡ್ಯೂಟಿ ಮುಗಿಸಿ ಬಂದು ಕಾಲು ನೀಡಿ ಮಲಗಿದ್ದೆ. ಬೇಕು ಮಮ್ಮಿ, ಪ್ರತಿ ವರ್ಷ ಬೇಕು, ಅವನಿಗೆ ಗೊತ್ತಿಲ್ಲ ಅಂತ ಹೇಳ್ಬೇಕಿತ್ತು. ನಾನು ನರ್ಸು. ನಾಳೆ ಹೇಳುವಾ ಅಂದ್ಕೊಂಡೆ.'

ಅವಳು ಗೇಟಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮುಖೇಶನಿಗೆ ಆ ಬಿಳಿ ರಿಬ್ಬನ್ ನೆನಪಾಯಿತು, ತಿರುಗದೆ ಇದ್ದ ಆ ತಲೆ. ಅವಳಿಗೂ ಅದೇ ನೆನಪಾಯಿತೋ ಏನೋ, ಆ ಪೇಪರು ನಿನ್ನದೇ ಅಂತಲೂ ಗೊತ್ತಿತ್ತು ಮಾರಾಯ ಎಂದಳು, ನೆಲಕ್ಕೆ ಹೇಳಿದ ಹಾಗೆ. ನಾಯಿ ನನ್ನ ಪೇಪರಿನಲ್ಲಿ ಎಲ್ಲಿತ್ತು?

ಇಷ್ಟು ವರ್ಷ ಯಾರಾದರೂ ಒಬ್ಬರು ತನ್ನನ್ನು ನಂಬಲಿ ಎಂದು ಕಾದಿದ್ದ. ಈಗ ನಂಬಿದವಳು ಎದುರಿಗೇ ನಿಂತಿದ್ದಳು. ಒಳಗಿನಿಂದ ಟೀಚರು ಕರೆದರು. ಉಸಿರು ಸೇರಿಸಿ ಸೇರಿಸಿ, ಮುಖೇಶಾ, ಬರುವ ವರ್ಷವೂ ನೀನೇ ತರಬೇಕು ಎಂದರು. ಆಗಲಿ ಟೀಚರ್ ಎಂದು ಅವನು ಗಟ್ಟಿಯಾಗಿ ಹೇಳಿದ. ವ್ಯಾನು ಹತ್ತಿ ಕೂತಾಗ ಕೈ ತಾನಾಗಿಯೇ ಪಕ್ಕಕ್ಕೆ ಹೋಗಿ ಪೆಟ್ಟಿಗೆಯ ಮುಚ್ಚಳ ಮುಟ್ಟಿತು. ಒಳಗೆ ಏನೂ ಇರಲಿಲ್ಲ. ಮಾಪಕ ಮಾತ್ರ ಎಲ್ಲ ಸರಿಯಾಗಿದೆ ಎಂದು ತೋರಿಸುತ್ತಲೇ ಇತ್ತು.